ನೋಟಿಸ್ ಬೋರ್ಡಿನ ಕೀಲಿ

ಗಾಜಿನ ಪೆಟಗಿ ಅದು, ಒಳಗ ಹಸರ ಬಟ್ಟಿ ಬಡದದ್ದು.
ಕೀಲಿ ನನ್ನ ಕಡೆ.
ಇಪ್ಪತ್ತಾರು ವರ್ಷ ಇದಽ ಬಾಗಲದಾಗ ಕುಂತೀನಿ.
ನಡುವ ಮ್ಯಾಲಿನ ಫಲಕ ಬದಲಾತು: ಜಾಗತಿಕ ಅಧ್ಯಯನ ವಿಭಾಗ.
ಸ್ಟೂಲು ಹಳೇದಽ.

ಇಂಗ್ಲಿಷು ನನಗ ಅಷ್ಟಕ್ಕಷ್ಟ, ಆದರ
ಕಾಗದದ ಜಾತಿ ಗೊತ್ತು.
ದಪ್ಪ ಅಕ್ಷರ, ಕೆಳಗ ಗುಂಡನ ಶಿಕ್ಕಾ, ಅದು ಫೀ ಕಟ್ಟೂದು.
ಬಣ್ಣದ ಕಾಗದ, ಮೂಲ್ಯಾಗ ಪರದೇಶದ ಬಾವುಟ,
ಅದರ ಮುಂದ ಹುಡುಗೂರು ಚಪ್ಪಲಿ ಸಪ್ಪಳ ಮಾಡದಂಗ ನಿಲ್ತಾರ.
ಕೆಲವರು ಫೋಟೋ ಹೊಡಕೊಂಡು ಹೋಗತಾರ,
ಕೆಲವರು ಬರೇ ಉಸುರು ಬಿಟ್ಟು.
ಗಾಜಿನ ಮ್ಯಾಲ ಮಬ್ಬು ಉಳೀತೈತಿ, ನಾ ಒರಸತೀನಿ.

ಜುಲೈದಾಗ ಒಂದು ಬಂತು.
ಧಾರವಾಡದ ಜಿಟಿಜಿಟಿ, ಗುಂಡುಸೂಜಿಗೆಲ್ಲಾ ತುಕ್ಕು.
ಒಂದು ಸೆಮಿಸ್ಟರು, ನೈರೋಬಿ. ಇಬ್ಬರಿಗೆ ಜಾಗ.
ವಿಮಾನ, ಉಂಬೂದು, ಇರೂದು ಎಲ್ಲಾ ಅವರದಽ.
ಬ್ಯಾಡಗಿಯ ಮೆಹರೂನ ನದಾಫ ಓದಿ ಹೇಳಿದ್ಲು,
ನಾ ಕೇಳಿದ್ದಿಲ್ಲ.

"ಕಾಕಾ, ನಮ್ಮವ್ವ ಮಾರ್ಕೆಟ್ಟಿನಾಗ ಮೆಣಸಿನಕಾಯಿ ತುಂಬು ಬಿಡಸತಾಳ,
ಚೀಲದ ಲೆಕ್ಕ. ಆ ಕಾಯಿ ಬಣ್ಣ ಹಿಂಡಿ
ಯಾವ್ಯಾವುದೋ ದೇಶದ ತುಟಿಗೆ ಹಚ್ಚತಾರಂತ.
ಕಾಯಿಗೆ ಪಾಸ್‌ಪೋರ್ಟ್ ಯಾರೂ ಕೇಳಂಗಿಲ್ಲ ನೋಡು."
ನಕ್ಕಳು, ಸೀನಿದಳು.
ಮೆಣಸಿನಕಾಯಿ ಹೆಸರು ತಗದರ ಸಾಕು
ಆಕಿಗೆ ಸೀನು ಬರತಾವು, ಸಣ್ಣಾಕಿದ್ದಾಗಿಂದ.

ಪಾಸ್‌ಪೋರ್ಟಿಗಂತ ಚಿಗರಿ ಬಸ್ಸಿನಾಗ
ಮೂರು ಸಲ ಹುಬ್ಬಳ್ಳಿಗೆ ಹೋಗಿಬಂದಳು.
ಸಾಲಿ ದಾಖಲೆದಾಗ ಮೆಹರುನ್ನೀಸಾ, ಆಧಾರದಾಗ ಮೇರುನಬಿ,
ಹುಟ್ಟಿದ ದಾಖಲೆದಾಗ ಬರೇ ‘ಹೆಣ್ಣು ಕೂಸು’.
ಮೂವರೂ ಒಬ್ಬಾಕಿನಽ ಅಂತ ಛಾಪಾ ಕಾಗದದ ಮ್ಯಾಲ
ವಕೀಲ ಬರಕೊಟ್ಟ, ಮುನ್ನೂರು ರೂಪಾಯಿ.
"ತಲಿಗೆ ನೂರು ಬಿತ್ತು ಕಾಕಾ," ಅಂದ್ಲು.

ಕಡೇ ದಿನ. ರಾತ್ರಿ ಹನ್ನೆರಡರ ಒಳಗ, ಅಂತ ಬರದಿತ್ತು.
ಯಾರ ಹನ್ನೆರಡು? ನಾ ಕೇಳಿದೆ.
ಇಪ್ಪತ್ತಾರು ವರ್ಷದಾಗ ಆ ವಿಭಾಗದಾಗ
ನಾ ಕೇಳಿದ ಪ್ರಶ್ನೆ ಅದೊಂದಽ.
ಆಕಿ ಬೆರಳು ಮಡಚಿ ಎಣಿಸಿದಳು:
ಅವರ ಹನ್ನೆರಡಂದ್ರ ನಮ್ಮ ಎರಡೂವರಿ.
ಎರಡೂವರಿ ತಾಸು ಪುಗಸಟ್ಟೆ ಸಿಕ್ಕಂಗಾತು.

ಕಂಪ್ಯೂಟರ್ ಖೋಲಿ ಐದಕ್ಕ ಹಾಕಬೇಕು, ಆರ್ಡರು ಐತಿ.
ನಾ ಹಾಕಲಿಲ್ಲ.
ಮ್ಯಾಡಮ್ಮೋರು ಫೋನಿನಾಗ ವಾರ್ಡನ್ನಿಗೆ ಹೇಳಿದರು.
ಜೋಡಿಗೆ ಬಂದ ಬೆಟಗೇರಿ ಗೆಳತಿ ಬೆಂಚಿನ ಮ್ಯಾಲ ನಿದ್ದಿ.
ಹನ್ನೊಂದಕ್ಕ ಕರೆಂಟ್ ಹೋತು, ಹನ್ನೆರಡೂ ಹತ್ತಕ್ಕ ಬಂತು.
ನಮಗ ಆಗಽ ನಾಳೆ ಹತ್ತಿತ್ತು,
ಅವರಿಗೆ ಇನ್ನೂ ಇವತ್ತು.

‘ನೀವು ಯಾಕೆ ಬರಬೇಕು?’ ಐದುನೂರು ಶಬ್ದ.
ಬರದಳು. ಅಳಿಸಿದಳು. ಬರದಳು.
ಕಡೀಕ ನನ್ನ ಕಡೆ ತಿರುಗಿ, ಏನ ಬರೀಲಿ ಕಾಕಾ?
ನನಗೇನ ಗೊತ್ತು.
ನಿಮ್ಮವ್ವನ ಕೈ ಬಗ್ಗೆ ಬರಿ, ಅಂದೆ,
ಉರೀತಾವಲ್ಲ ರಾತ್ರಿ.

ಎರಡು ಇಪ್ಪತ್ತೊಂದಕ್ಕ ಒತ್ತಿದಳು.
ಪರದೆ ಮ್ಯಾಲ ಒಂದು ಹಸರ ಗೆರಿ ಬಂತು. ಅಷ್ಟಽ.

ಸಪ್ಟೆಂಬರದಾಗ ಪಟ್ಟಿ ಬಂತು, ನಾನಽ ಹಚ್ಚಿದೆ.
ಓದಾಕ ಬರದಿದ್ರೇನು,
ಆಕಿ ಹೆಸರಿನ ಆಕಾರ ಗುರುತಾಗಿತ್ತು.
ಮೂರನೇ ಸಾಲಿನಾಗ. ಜಾಗ ಎರಡು.
ಯಾರರ ಒಬ್ಬರು ಒಲ್ಲೆ ಅಂದ್ರ ಈಕಿ ಹೋಗೂದು.
ಯಾರೂ ಒಲ್ಲೆ ಅಂದಿಲ್ಲ ಇನ್ನೂ.

ಈಗ ಅದರ ಮ್ಯಾಲ ಮತ್ತ ಮೂರು ಕಾಗದ ಬಂದಾವು:
ತಾಷ್ಕೆಂಟಿನ ಬ್ಯಾಸಗಿ ಶಿಬಿರ,
ಶನಿವಾರ ಫ್ರೆಂಚ್ ತರಗತಿ,
ಕರೇ ಛತ್ರಿ ಸಿಕ್ಕೈತಿ, ಕಳಕೊಂಡವರು ಆಫೀಸಿನಾಗ ಕೇಳ್ರಿ.
ಛತ್ರಿ ಬಿಟ್ಟು ಉಳಿದೆರಡರ ಫೋಟೋ
ಮೆಹರೂನ ಹೊಡಕೊಂಡಳು.

ತ್ರಾಸಾಗಿದ್ದು ನನಗ.
ರಾತ್ರಿ ಎರಡೂವರಿಗೆ ತಾನಽ ಎಚ್ಚರ ಆಕ್ಕೈತಿ.
ಮಾಳಮಡ್ಡಿ ಕಡೆ ಗೂಡ್ಸ್ ಗಾಡಿ ಹೋಗೂ ಸಪ್ಪಳ.
ಹೆಂಡತಿ ಕೇಳತಾಳ, ಏನಾತು?
ಏನಿಲ್ಲ ಮಕ್ಕೋ, ಅಂತೀನಿ,
ಅಲ್ಲಿ ಈಗ ತಾರೀಖು ಬದಲಾತು.